ಅತಿಥಿಗೆ ಆಪೂಸ್, ನಮಗೆ ಇಶಾಡ

ಮೇ ತಿಂಗಳಲ್ಲಿ ನಮ್ಮ ಕಾರವಾರದ ಮನೆಯಲ್ಲಿ ಎರಡು ಬಗೆಯ ಮಾವು ಇರುತ್ತದೆ. ಪೆಟ್ಟಿಗೆಯಲ್ಲಿ ಬರುವ ಆಪೂಸ್, ಬುಟ್ಟಿಯಲ್ಲಿ ಬರುವ ಅಂಕೋಲೆಯ ಕರಿ ಇಶಾಡ. ಅತಿಥಿಗಳು ಬಂದರೆ ಅಮ್ಮಿ ಆಪೂಸ್ ಹೆಚ್ಚಿ ಕೊಡುತ್ತಾರೆ. ಇಶಾಡವನ್ನು ತಿನ್ನುವುದು ನಾವು ನಾವೇ ಇದ್ದಾಗ, ಮೊಣಕೈವರೆಗೆ ರಸ ಸುರಿಸಿಕೊಂಡು. ಯಾವುದು ರುಚಿ ಎಂದು ಕೇಳಿದರೆ ಮನೆಯವರೆಲ್ಲ ಇಶಾಡ ಎನ್ನುತ್ತಾರೆ. ಹಾಗಾದರೆ ಅತಿಥಿಗೆ ಅದನ್ನೇ ಏಕೆ ಕೊಡುವುದಿಲ್ಲ?

ಬೇಡಿಕೆಯ ನಿಯಮ ಕಲಿಯುವಾಗ ಕೊಳ್ಳುವವನು ಒಬ್ಬನೇ ಕುಳಿತು ಲೆಕ್ಕ ಹಾಕುತ್ತಾನೆ ಎಂದುಕೊಳ್ಳುತ್ತೇವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲೇ ಇದನ್ನು ಒಪ್ಪಲಿಲ್ಲ. ಕೈಯಲ್ಲಿ ಮಾಡಿದ ಬೆಳ್ಳಿ ಚಮಚ ಯಂತ್ರದಲ್ಲಿ ಮಾಡಿದ ಅಗ್ಗದ ಚಮಚಕ್ಕಿಂತ ಹೆಚ್ಚಿನ ಕೆಲಸವೇನೂ ಮಾಡುವುದಿಲ್ಲ. ಆದರೂ ಅದು ಚೆಂದ ಕಾಣುವುದರಲ್ಲಿ ಅದರ ಬೆಲೆಯ ಪಾಲೂ ಇದೆ ಎಂದರು. 1950ರಲ್ಲಿ ಹಾರ್ವೆ ಲೈಬೆನ್‌ಸ್ಟೈನ್ ಇದನ್ನು ಮೂರಾಗಿ ಬಿಡಿಸಿದರು. ಎಲ್ಲರೂ ಕೊಳ್ಳುತ್ತಾರೆಂದು ಕೊಳ್ಳುವುದು ಒಂದು (ನಮ್ಮ ತರಗತಿಯ ಬಿಳಿ ಶೂಗಳನ್ನು ಎಣಿಸಿ ನೋಡಿ). ಎಲ್ಲರ ಹತ್ತಿರವೂ ಬಂತೆಂದು ಬಿಟ್ಟುಬಿಡುವುದು ಇನ್ನೊಂದು. ದುಬಾರಿ ಎಂಬ ಕಾರಣಕ್ಕೇ ಬಯಸುವುದು ಮೂರನೆಯದು, ಅದಕ್ಕೆ ವೆಬ್ಲೆನ್ ಅವರ ಹೆಸರನ್ನೇ ಇಟ್ಟರು.

ಮೂರನೆಯದಕ್ಕೆ ಒಂದು ಷರತ್ತಿದೆ. ವಸ್ತು ದುಬಾರಿಯಾಗಿದ್ದರೆ ಸಾಲದು, ದುಬಾರಿ ಎಂದು ನೋಡುವವರಿಗೂ ಗೊತ್ತಿರಬೇಕು. ಆಪೂಸ್‌ನ ಬೆಲೆ ಮುಂಬೈಯಿಂದ ಬಂದ ನೆಂಟರಿಗೂ ಗೊತ್ತು. ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು; ಹಣ್ಣಾದ ಮೇಲೆ ಹೆಚ್ಚು ದಿನ ಇಡಲಾಗದು, ದೂರದ ಪ್ರಯಾಣ ತಾಳದು. ಹೊರಗಿನವರು ತಿಂದೇ ಇರದ ಹಣ್ಣಿಗೆ ಹೊರಗೆ ಹೆಸರೆಲ್ಲಿಂದ ಬರಬೇಕು? ಅದನ್ನು ತಟ್ಟೆಯಲ್ಲಿಟ್ಟರೆ ಅತಿಥಿಗೆ ಕಾಣುವುದು ಯಾವುದೋ ಊರ ಮಾವು, ಅಷ್ಟೇ.

2023ರಲ್ಲಿ ಅಂಕೋಲಾ ಕರಿ ಇಶಾಡಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಈ ಟ್ಯಾಗ್ ರಕ್ಷಿಸುವುದು ಹೆಸರನ್ನು. ಬೇರೆ ಊರಿನ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಹಣ್ಣಿನ ರುಚಿ ಅದರಿಂದ ಎಳ್ಳಷ್ಟೂ ಬದಲಾಗಿಲ್ಲ. ಆದರೆ ಈಗ ಹುಬ್ಬಳ್ಳಿಯ ಮಾಮು ಫೋನ್ ಮಾಡಿ "ಆ ಜಿಐ ಮಾವು ಸಿಗುತ್ತದಾ?" ಎಂದು ಕೇಳುತ್ತಾರೆ. ಅಮ್ಮಿಯೂ ಅದನ್ನು ಅತಿಥಿಗಳ ತಟ್ಟೆಗೆ ಹಾಕುತ್ತಾರೆ, ಹೆಸರು ಹೇಳಿಯೇ ಹಾಕುತ್ತಾರೆ.

ಇದನ್ನು ಬರೀ ಶೋಕಿ ಎಂದು ನಗಲು ನನಗೆ ಮನಸ್ಸಿಲ್ಲ. ಕೇಳುವವರಿಲ್ಲದ ಹಣ್ಣಿನ ಗಿಡವನ್ನು ಯಾರು ನೆಡುತ್ತಾರೆ? ಬೇರೆಯವರ ಕಣ್ಣು ಬಿದ್ದರೆ ಮರಕ್ಕೆ ಆಯುಷ್ಯ ಹೆಚ್ಚೀತು. ಅದೇ ಕಣ್ಣು ಬಿಳಿ ಇಶಾಡದ ಮೇಲೆ ಬಿದ್ದಿಲ್ಲ. ಅದರ ಸಿಪ್ಪೆ ದಪ್ಪ, ತಿರುಳು ಕಡಿಮೆ, ಟ್ಯಾಗಿನಲ್ಲಿ ಅದರ ಹೆಸರಿಲ್ಲ.

ಬೆಲೆಯ ಮಾತು ಇನ್ನೂ ವಿಚಿತ್ರ. ಪೆಟ್ಟಿಗೆಯ ಮೇಲೆ ಅಚ್ಚಾದ ದರವನ್ನು ಅಬ್ಬು ಸುಮ್ಮನೆ ಕೊಡುತ್ತಾರೆ. ಅಂಕೋಲೆಯ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಹತ್ತಿರ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಎರಡರಲ್ಲೂ ಇರುವುದು ಇಶಾಡವೇ.