ಗೆದ್ದೂ ಸೋತ ಓಟಗಾರ

ಐರ್ಲೆಂಡಿನ ಆಫಲಿ ಪ್ರಾಂತದಲ್ಲಿ ಕಿಲೀ ಎಂಬುದೊಂದು ಸಣ್ಣ ಹಳ್ಳಿ. 1926ರಲ್ಲಿ ಅಲ್ಲಿಯ ಪಾದ್ರಿ ಮಾರ್ಟಿನ್ ಬ್ರೋಫಿ ಅವರ ಗ್ರೇಹೌಂಡ್ ನಾಯಿ ಮರಿ ಹಾಕಿತು. ಮರಿಗಳಲ್ಲೆಲ್ಲ ತೀರ ಕೃಶವಾಗಿದ್ದುದಕ್ಕೆ, ಪಾದ್ರಿಗಳ ಮನೆಯಲ್ಲಿ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ ಆಳಿನ ಹೆಸರೇ ಬಂದಿತು: ಮಿಕ್ ದಿ ಮಿಲ್ಲರ್.

ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಯಂತ್ರದ ಮೊಲವನ್ನು ಅಟ್ಟಿಸಿ ನಾಯಿಗಳನ್ನು ಓಡಿಸುವ ಹೊಸ ಪಂದ್ಯ ಪ್ರಾರಂಭವಾಯಿತು. ಮರುವರ್ಷ ಡಬ್ಲಿನ್ನಿನ ಶೆಲ್ಬರ್ನ್ ಪಾರ್ಕಿನಲ್ಲಿಯೂ ಅದು ಕಾಲಿಟ್ಟಿತು. ಆದರೆ ಓಡಬೇಕಾದ ಮಿಕ್, ಡಿಸ್ಟೆಂಪರ್ ರೋಗ ತಗಲಿ ಸಾವಿನ ಬಾಗಿಲಿಗೆ ಹೋಯಿತು. ಆರ್ಥರ್ ಕ್ಯಾಲನನ್ ಎಂಬ ವೈದ್ಯರ ಶುಶ್ರೂಷೆಯೇ ಅದನ್ನು ಉಳಿಸಿತು.

1929ರಲ್ಲಿ ಪಾದ್ರಿಗಳು ಅದನ್ನು ಲಂಡನ್ನಿನ ವೈಟ್ ಸಿಟಿಯಲ್ಲಿ ನಡೆಯುತ್ತಿದ್ದ ಡರ್ಬಿ ಪಂದ್ಯಕ್ಕೆ ಕರೆತಂದರು. 525 ಗಜಗಳನ್ನು 30 ಸೆಕೆಂಡುಗಳೊಳಗೆ ಓಡಿದ ನಾಯಿ ಅಲ್ಲಿಯವರೆಗೆ ಇರಲಿಲ್ಲ. ಮಿಕ್ ಪ್ರಾಥಮಿಕ ಸುತ್ತಿನಲ್ಲಿಯೇ 29.82 ಸೆಕೆಂಡುಗಳಲ್ಲಿ ಓಡಿ ಮುಗಿಸಿತು! ಪಾದ್ರಿಗಳು ಅದನ್ನು 800 ಗಿನಿಗಳಿಗೆ ಮಾರಿದರು.

ಅಂತಿಮ ಪಂದ್ಯದ ದಿನ ಮೊದಲ ತಿರುವಿನಲ್ಲಿ ನಾಯಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಪ್ಯಾಲಟೀನಸ್ ಎಂಬ ನಾಯಿ ಮುಂದಾಗಿ ಗುರಿ ಮುಟ್ಟಿತು. ಮಿಕ್ ಸೋತಿತೆಂದು ಅದರ ಅಭಿಮಾನಿಗಳು ಹತಾಶರಾದರು. ಅಷ್ಟರಲ್ಲಿ ತೀರ್ಪುಗಾರರು ಓಟ ಅಸಿಂಧುವೆಂದು ಸಾರಿದರು. ಮರು ಓಟದಲ್ಲಿ ಮಿಕ್ ಗೆದ್ದಿತು!

ಅನಂತರ ಸಿಡ್ನಿ ಆರ್ಟನ್ ಎಂಬವರು ಅದರ ಶಿಕ್ಷಕರಾದರು. 1930ರ ಡರ್ಬಿಯೂ ಮಿಕ್‌ಗೇ ಸಂದಿತು. ಒಂದರ ಮೇಲೊಂದರಂತೆ 19 ಪಂದ್ಯಗಳನ್ನು ಗೆದ್ದು ಅದು ಮನೆಮಾತಾಯಿತು.

1931. ಮಿಕ್‌ಗೆ ಐದು ವರ್ಷ. ಓಟದ ನಾಯಿಗೆ ಅದು ಮುಪ್ಪಿನ ಹೊಸ್ತಿಲು. ಆದರೂ ಮೂರನೆಯ ಡರ್ಬಿಯ ಅಂತಿಮ ಪಂದ್ಯದಲ್ಲಿ ಅದೇ ಮೊದಲು ಗುರಿ ಮುಟ್ಟಿತು. ಆದರೆ ದಾರಿಯಲ್ಲಿ ಬೇರೊಂದು ನಾಯಿ ಕಾದಾಟಕ್ಕಿಳಿದಿದ್ದರಿಂದ ತೀರ್ಪುಗಾರರು ಮತ್ತೆ ಓಟ ಅಸಿಂಧುವೆಂದರು. ದಣಿದ ಮುದಿ ನಾಯಿ ಮತ್ತೊಮ್ಮೆ ಓಡಬೇಕಾಯಿತು. ಈ ಸಲ ಸೆಲ್ಡಮ್ ಲೆಡ್ ಎಂಬ ನಾಯಿ ಗೆದ್ದಿತು.

ಅನ್ಯಾಯವೆನ್ನೋಣವೆ? ಎರಡು ವರ್ಷಗಳ ಹಿಂದೆ ಮಿಕ್‌ನ ಕೈಹಿಡಿದ ನಿಯಮವೇ ಅಂದು ಕೈಬಿಟ್ಟಿತು. ಅಂದು ಪ್ಯಾಲಟೀನಸ್ ನುಂಗಿದ ನೋವನ್ನು ಇಂದು ಮಿಕ್‌ನ ಕಡೆಯವರು ನುಂಗಿದರು.

ಆದರೆ ನಾಯಿಗೆ ನಿಯಮವೇನು ಗೊತ್ತು? ಅದಕ್ಕೆ ಗೊತ್ತಿದ್ದುದು ಮುಂದೆ ಓಡುವ ಮೊಲವೊಂದೇ. ಅದೇ ವರ್ಷ ವೆಂಬ್ಲಿಯಲ್ಲಿ 700 ಗಜಗಳ ಸೇಂಟ್ ಲೆಜರ್ ಪಂದ್ಯವನ್ನು ಗೆದ್ದು ಮಿಕ್ ಕಣದಿಂದ ನಿವೃತ್ತವಾಯಿತು. 1939ರಲ್ಲಿ ತೀರಿಕೊಂಡ ಅದರ ದೇಹವನ್ನು ಟ್ರಿಂಗ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕಾದಿರಿಸಿದ್ದಾರೆ. ವೈಟ್ ಸಿಟಿಯ ಕ್ರೀಡಾಂಗಣವನ್ನು 1985ರಲ್ಲಿ ಕೆಡವಿದರು. ಅಲ್ಲಿ ಓಡಿದ ಆ ಕೃಶವಾದ ಮರಿ ಮಾತ್ರ ಇಂದಿಗೂ ಗಾಜಿನ ಹಿಂದೆ ನಿಂತಿದೆ.