ಆಪರೇಷನ್ ಹೊಟ್ಟೆಗೆ, ಕಸರತ್ತು ಉಸಿರಿಗೆ

ಜಠರದ್ದೋ ಕರುಳಿನದೋ ಗೆಡ್ಡೆ ತೆಗೆಸಿಕೊಂಡು ವಾರ್ಡಿಗೆ ಬಂದವರ ಕೈಗೆ ಮೂರು ಚೆಂಡುಗಳ ಪ್ಲಾಸ್ಟಿಕ್ ಸಾಧನವೊಂದನ್ನು ಕೊಡುತ್ತಾರೆ. ಕೊಳವೆ ಬಾಯಲ್ಲಿಟ್ಟು ಉಸಿರೆಳೆದು ಚೆಂಡು ಮೇಲೇರಿಸಬೇಕು. ಕೊಯ್ದದ್ದು ಹೊಟ್ಟೆ, ಶ್ವಾಸಕೋಶಕ್ಕೇಕೆ ಈ ಕೆಲಸ?

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯು ಇದೆ. ಉಸಿರೆಳೆಯುವ ದುಡಿಮೆಯಲ್ಲಿ ಹೆಚ್ಚಿನ ಪಾಲು ಇದರದೇ. ಹೊಟ್ಟೆಯ ಮೇಲ್ಭಾಗದಲ್ಲಿ ಶಸ್ತ್ರಚಿಕಿತ್ಸೆಯಾದಾಗ ಕೆಲವು ದಿನ ಇದು ಮಂಕಾಗುತ್ತದೆ. ನೋವೊಂದೇ ಇದಕ್ಕೆ ಕಾರಣವಲ್ಲ. ಔಷಧ ಕೊಟ್ಟು ನೋವು ಅಡಗಿಸಿದರೂ ವಪೆಯ ಬಲ ಕೂಡಲೇ ಮರಳುವುದಿಲ್ಲ. ಒಳಾಂಗಗಳಿಂದ ಹೊರಡುವ ನರಸಂಕೇತಗಳು ವಪೆಗೆ ಬರುವ ಪ್ರಚೋದನೆಯನ್ನೇ ತಗ್ಗಿಸುತ್ತವೆ ಎಂಬುದು ತಜ್ಞರ ವಿವರಣೆ. ಆಗ ಉಸಿರು ಆಳಕ್ಕಿಳಿಯದು. ಶ್ವಾಸಕೋಶದ ತಳದ ಗಾಳಿಗೂಡುಗಳು ಮುದುಡುತ್ತವೆ. ಹೊಲಿಗೆಯ ಭಯಕ್ಕೆ ರೋಗಿ ಕೆಮ್ಮುವುದಿಲ್ಲ, ಕಫ ಅಲ್ಲೇ ನಿಲ್ಲುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ.

ಚೆಂಡಿನ ಸಾಧನ ಆಳವಾಗಿ ಉಸಿರೆಳೆಯುವುದನ್ನು ನೆನಪಿಸುತ್ತದೆ, ಅಷ್ಟೆ. ಸ್ನಾಯುವನ್ನು ಬಲಪಡಿಸುವ ಉಪಕರಣವೇ ಬೇರೆ. ಅದರಲ್ಲಿ ಸ್ಪ್ರಿಂಗ್ ಬಿಗಿದ ಕವಾಟವಿರುತ್ತದೆ. ನಿಗದಿತ ಬಲದಿಂದ ಎಳೆದರೆ ಮಾತ್ರ ತೆರೆಯುತ್ತದೆ. ರೋಗಿಯ ಗರಿಷ್ಠ ಎಳೆತದ ಶೇ. 30ರ ಆಸುಪಾಸಿನಲ್ಲಿ ಆರಂಭಿಸಿ ಬಿಗಿ ಹೆಚ್ಚಿಸುತ್ತ ಹೋಗುತ್ತಾರೆ. ತೋಳಿಗೆ ಡಂಬೆಲ್ ಇದ್ದಂತೆ ವಪೆಗೆ ಇದು. ಆದರೆ ಸ್ನಾಯು ಬಲಿಯಲು ವಾರಗಳು ಬೇಕು. ಹಾಗಾಗಿ ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭಿಸುವುದು ಜಾಣತನ. 12 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಕಾಕ್ರೇನ್ ವಿಮರ್ಶೆಯಲ್ಲಿ, ಹೃದಯ ಮತ್ತು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ಹೀಗೆ ತರಬೇತಾದವರಲ್ಲಿ ನ್ಯುಮೋನಿಯಾ ಕಡಿಮೆ ಕಂಡಿತು. ಪ್ರಯೋಗಗಳು ಚಿಕ್ಕವು, ಲಾಭ ಉತ್ಪ್ರೇಕ್ಷಿತವಾಗಿರಬಹುದು ಎಂದು ವಿಮರ್ಶಕರೇ ಎಚ್ಚರಿಸಿದ್ದಾರೆ.

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಉಪಕರಣವೇ ಬೇಡದ ಇನ್ನೊಂದು ಪ್ರಯೋಗ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದ 441 ರೋಗಿಗಳಿಗೆಲ್ಲ ಒಂದು ಮಾಹಿತಿ ಪುಸ್ತಿಕೆ ಕೊಟ್ಟರು. ಅವರಲ್ಲಿ ಅರ್ಧದಷ್ಟು ಜನರೊಂದಿಗೆ ಫಿಸಿಯೋಥೆರಪಿಸ್ಟ್ ಅರ್ಧ ಗಂಟೆ ಕುಳಿತು, ಅಪಾಯವೇನು, ಎಚ್ಚರವಾದ ಕೂಡಲೇ ಹೇಗೆ ಉಸಿರಾಡಬೇಕು ಎಂದು ಕಲಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ: ಪುಸ್ತಿಕೆ ಮಾತ್ರ ಪಡೆದವರಲ್ಲಿ ಶೇ. 27 ಮಂದಿಗೆ ಶ್ವಾಸಕೋಶದ ತೊಡಕು, ಕಲಿತವರಲ್ಲಿ ಶೇ. 12. ಅರ್ಧ ಗಂಟೆಯ ಮಾತಿಗೆ ಇಷ್ಟು ಫಲ! ಆಪರೇಷನ್ ದಿನಾಂಕ ಗೊತ್ತುಮಾಡುವಾಗಲೇ ಈ ಪಾಠವನ್ನು ನಮ್ಮ ಆಸ್ಪತ್ರೆಗಳೂ ಕೊಡಬೇಕು, ಕೊಡದಿದ್ದರೆ ರೋಗಿ ಕೇಳಿ ಪಡೆಯಬೇಕು.

ಕ್ರಮ ಸರಳ. ಬೆನ್ನು ನೇರವಾಗಿಸಿ ಕೂರಬೇಕು. ನಿಧಾನವಾಗಿ ಉಸಿರು ತುಂಬಿಕೊಂಡು ಎರಡು ಮೂರು ಸೆಕೆಂಡ್ ತಡೆದು ಬಿಡಬೇಕು. ಹೀಗೆ ಹತ್ತು ಸಲ, ಎಚ್ಚರವಿರುವ ಪ್ರತಿ ಗಂಟೆಯಲ್ಲೂ. ಕೆಮ್ಮು ಬಂದಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ನೋವು ಕಡಿಮೆ. ತಲೆ ಸುತ್ತಿದರೆ ನಿಲ್ಲಿಸಿ ನರ್ಸಿಗೆ ಹೇಳಬೇಕು.