ಮೂವತ್ತು ಕುರ್ಚಿಗಳ ಹಳೇ ಮನೆ

2024ರ ಜೂನ್ 29ರ ರಾತ್ರಿ ಟಿ20 ವಿಶ್ವಕಪ್ ಫೈನಲ್‌ಗಾಗಿ ನಿದ್ದೆಗೆಟ್ಟವರಿಗೆ ಬ್ರಿಜ್‌ಟೌನ್ ಹೊಸ ಹೆಸರಲ್ಲ. ಮಿತಭಾಷಿ ರಾಹುಲ್ ದ್ರಾವಿಡ್ ಕಪ್ ಎತ್ತಿ ಗಂಟಲು ಹರಿಯುವಂತೆ ಕೂಗಿದ್ದು ಅಲ್ಲಿನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ. ಅದೇ ಊರಿನ ನಡುಮಧ್ಯೆ ಭಾರತದ ನಂಟಿರುವ ಇನ್ನೊಂದು ಜಾಗವಿದೆ. ಅದು ಬಾರ್ಬಡೋಸ್ ಸಂಸತ್ತಿನ ಕೆಳಮನೆ, ಅಂದರೆ ಹೌಸ್ ಆಫ್ ಅಸೆಂಬ್ಲಿ. 1966ರಲ್ಲಿ ಆ ದ್ವೀಪ ಸ್ವತಂತ್ರವಾದಾಗ ಭಾರತ ಸರ್ಕಾರ ಉಡುಗೊರೆಯಾಗಿ ಕೊಟ್ಟದ್ದು ಒಂದು ಕುರ್ಚಿ. ಅಲ್ಲಿನ ಸಭಾಧ್ಯಕ್ಷರ ಪೀಠ ಅದೇ.

ಕೆರಿಬಿಯನ್ ಕಡಲ ಅಂಚಿನ ಈ ದೇಶದ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಜನಸಂಖ್ಯೆ ಮೂರು ಲಕ್ಷ ಮುಟ್ಟುವುದಿಲ್ಲ. ಕೆಳಮನೆಗೆ ಆರಿಸಿ ಬರುವವರು 30 ಮಂದಿ. ಒಬ್ಬೊಬ್ಬ ಸದಸ್ಯನ ಪಾಲಿಗೆ ಹತ್ತು ಸಾವಿರದೊಳಗಿನ ಜನ ಬರುತ್ತಾರೆ. ನಮ್ಮ ದೊಡ್ಡ ಗ್ರಾಮ ಪಂಚಾಯಿತಿಯೊಂದರ ಲೆಕ್ಕ. ಆದರೆ ಮನೆ ಚಿಕ್ಕದಾದರೂ ವಂಶಾವಳಿ ಉದ್ದ. ಇದರ ಮೊದಲ ಸಭೆ ಸೇರಿದ್ದು 1639ರಲ್ಲಿ, ಇಂಗ್ಲಿಷರು ದ್ವೀಪದಲ್ಲಿ ನೆಲೆಯೂರಿ ಹನ್ನೆರಡು ವರ್ಷ ಕಳೆದಿದ್ದಾಗ.

ಕುಸಿದ ಗೋಪುರ, ಗಾಜಿನ ರಾಜರು

ಸಂಸತ್ ಭವನಕ್ಕೆ ದಾರಿ ಕೇಳಬೇಕಿಲ್ಲ. ದೋಣಿಗಳು ತಂಗುವ ಕೆರೀನೇಜ್ ಧಕ್ಕೆಯ ಬಳಿ, ರಾಷ್ಟ್ರೀಯ ವೀರರ ಚೌಕದ ಮಗ್ಗುಲಲ್ಲೇ, ಹವಳದ ಸುಣ್ಣಕಲ್ಲಿನಲ್ಲಿ ಕಟ್ಟಿದ ಎರಡು ಗಾಥಿಕ್ ಶೈಲಿಯ ಕಟ್ಟಡಗಳಿವೆ. ಪಶ್ಚಿಮದ್ದು ಮುಗಿದದ್ದು 1872ರಲ್ಲಿ, ಪೂರ್ವದ್ದು 1874ರಲ್ಲಿ. ಗಡಿಯಾರ ಗೋಪುರವನ್ನು ಮೊದಲು ಏರಿಸಿದ್ದು ಪೂರ್ವದ ಕಟ್ಟಡಕ್ಕೆ. ಅದು ಕುಸಿಯತೊಡಗಿದ್ದರಿಂದ 1884ರಲ್ಲಿ ಕೆಡವಿ, ಎರಡು ವರ್ಷದ ಬಳಿಕ ಪಶ್ಚಿಮ ಭಾಗದಲ್ಲಿ ಹೊಸದನ್ನು ಎಬ್ಬಿಸಿದರು. ಈಗ ಕಾಣುವುದು ಆ ಗೋಪುರ. ಇಷ್ಟು ನೆಟ್ಟಗಿನ ಸೂರು ಸಿಗುವ ಮುಂಚೆ ಸದಸ್ಯರು ಹೆಂಡದಂಗಡಿಗಳಲ್ಲಿ, ತೋಟದ ಧಣಿಗಳ ಮನೆಗಳಲ್ಲಿ ಸಭೆ ಸೇರಿದ್ದುಂಟು. ಕೋರ್ಟು, ಜೈಲುಗಳ ಜೊತೆ ಒಂದೇ ಕಟ್ಟಡ ಹಂಚಿಕೊಂಡದ್ದೂ ಉಂಟು.

ಪೂರ್ವ ಭಾಗದ ಸಭಾಂಗಣದಲ್ಲಿ ಕಣ್ಣು ಮೊದಲು ಹೋಗುವುದು ಬಣ್ಣದ ಗಾಜಿನ ಕಿಟಕಿಗಳತ್ತ. ಒಂದನೇ ಜೇಮ್ಸ್‌ನಿಂದ ವಿಕ್ಟೋರಿಯಾವರೆಗೆ ಇಂಗ್ಲೆಂಡಿನ ಅರಸರು ಅಲ್ಲಿ ಸಾಲಾಗಿ ನಿಂತಿದ್ದಾರೆ. ಅವರ ನಡುವೆ, ಒಬ್ಬ ಅರಸನ ತಲೆ ತೆಗೆಸಿದ ಆಲಿವರ್ ಕ್ರಾಮ್‌ವೆಲ್‌ಗೂ ಜಾಗ ಸಿಕ್ಕಿದೆ. ಈ ಮನೆಗೆ ಆತನ ಋಣವೂ ಇದೆ. ರಾಜನ ಪಕ್ಷ ವಹಿಸಿದ್ದ ದ್ವೀಪವನ್ನು ಆತನ ಬಣದ ನೌಕಾಪಡೆ ಮುತ್ತಿತು. 1652ರಲ್ಲಿ ಆಯ್‌ಸ್ಟಿನ್ಸ್ ಎಂಬ ಮೀನುಗಾರರ ಊರಿನಲ್ಲಿ ರಾಜಿಯಾಯಿತು. ಸಭೆಯ ಒಪ್ಪಿಗೆ ಇಲ್ಲದೆ ದ್ವೀಪದವರ ಮೇಲೆ ತೆರಿಗೆ ಹೇರುವಂತಿಲ್ಲ ಎಂಬ ಮಾತು ಆ ಒಪ್ಪಂದದಲ್ಲಿದೆ.

ಯಾರ ಮನೆ?

ಅಷ್ಟನ್ನು ಓದಿ ಹೆಮ್ಮೆಪಡುವ ಮೊದಲು ಒಂಬತ್ತು ವರ್ಷ ಮುಂದೆ ಬರಬೇಕು. 1661ರಲ್ಲಿ ಇದೇ ದ್ವೀಪದ ಶಾಸನಸಭೆ ಗುಲಾಮರ ಕಾಯಿದೆ ಮಾಡಿತು. ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕಾದಿಂದ ಹಿಡಿದು ತಂದವರನ್ನು ಧಣಿಗಳ ಸೊತ್ತಾಗಿಸಿದ ಆ ಕಾಯಿದೆಯನ್ನು ಜಮೈಕಾ, ದಕ್ಷಿಣ ಕೆರೊಲಿನಾಗಳೂ ಮಾದರಿಯಾಗಿ ತೆಗೆದುಕೊಂಡವು. ತೆರಿಗೆಗೆ ನಮ್ಮನ್ನು ಕೇಳಿ ಎಂದು ಲಂಡನ್ನಿಗೆ ಎದುರು ನಿಂತವರು, ದುಡಿಯುವವರನ್ನು ಯಾವುದಕ್ಕೂ ಕೇಳಲಿಲ್ಲ. ಈ ಮನೆಯ ಚರಿತ್ರೆಯ ಗಂಟು ಇರುವುದು ಇಲ್ಲೇ.

ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾದದ್ದು 1834ರಲ್ಲಿ. ಬಿಡುಗಡೆಯಾದವರನ್ನು ತೋಟಕ್ಕೆ ಕಟ್ಟಿಹಾಕಿದ್ದ ‘ಅಪ್ರೆಂಟಿಸ್’ ಪದ್ಧತಿ ಹೋಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 1843ರಲ್ಲಿ ಪತ್ರಕರ್ತ ಸ್ಯಾಮ್ಯುಯೆಲ್ ಜ್ಯಾಕ್‌ಮನ್ ಪ್ರೆಸ್ಕಾಡ್ ಬ್ರಿಜ್‌ಟೌನಿನಿಂದ ಗೆದ್ದು ಒಳಬಂದರು. ಆಫ್ರಿಕನ್ ಮೂಲದ ಮೊದಲ ಸದಸ್ಯ ಅವರೇ. ಆಸ್ತಿ, ವರಮಾನಗಳ ಅಳತೆಗೋಲು ದಾಟಿ ವಯಸ್ಕರೆಲ್ಲರೂ ಮತ ಹಾಕುವಂತಾದ ಮೊದಲ ಚುನಾವಣೆ ನಡೆದದ್ದು 1951ರಲ್ಲಿ. ಎರ್ಮಿ ಬೋರ್ನ್ ಈ ಮನೆಯ ಮೊದಲ ಮಹಿಳಾ ಸದಸ್ಯೆಯಾದದ್ದೂ ಆಗಲೇ. ಬಾಗಿಲು ತೆರೆದ ದಿನದಿಂದ ಎಲ್ಲರನ್ನೂ ಒಳಗೆ ಕರೆಯುವ ದಿನದವರೆಗೆ 312 ವರ್ಷ ಹಿಡಿಯಿತು.

ಆಮೇಲೆ ಬಂದವರಲ್ಲಿ ನಮ್ಮ ಹಿರಿಯರಿಗೆ ಗೊತ್ತಿರುವ ಒಂದು ಮುಖವಿದೆ. 1958–59ರಲ್ಲಿ ಭಾರತಕ್ಕೆ ಬಂದು ನಮ್ಮ ಬ್ಯಾಟುಗಾರರನ್ನು ಕಂಗೆಡಿಸಿದ ವೇಗಿ ವೆಸ್ ಹಾಲ್, 1986ರಲ್ಲಿ ಈ ಮನೆಗೆ ಆಯ್ಕೆಯಾಗಿ ಪ್ರವಾಸೋದ್ಯಮ ಸಚಿವರೂ ಆದರು.

ಎದುರು ಸಾಲು ಖಾಲಿ

2018ರ ಚುನಾವಣೆಯಲ್ಲಿ ಮಿಯಾ ಮಾಟ್ಲಿ ಅವರ ಬಾರ್ಬಡೋಸ್ ಲೇಬರ್ ಪಾರ್ಟಿ ಮೂವತ್ತಕ್ಕೆ ಮೂವತ್ತೂ ಸ್ಥಾನ ಗೆದ್ದಿತು. ದೇಶಕ್ಕೆ ಮೊದಲ ಮಹಿಳಾ ಪ್ರಧಾನಿ ಸಿಕ್ಕರು, ವಿರೋಧ ಪಕ್ಷದ ನಾಯಕರು ಸಿಗಲಿಲ್ಲ. ಇದು ಬರೀ ಮುಜುಗರದ ಸಂಗತಿಯಲ್ಲ. 21 ಸದಸ್ಯರ ಮೇಲ್ಮನೆಗೆ ಇಬ್ಬರನ್ನು ಸೂಚಿಸುವ ಅಧಿಕಾರ ವಿರೋಧ ಪಕ್ಷದ ನಾಯಕರದು; ಆ ಸ್ಥಾನ ಖಾಲಿಯಾದರೆ ಸಂವಿಧಾನದ ಒಂದು ಕೀಲೇ ಸಡಿಲ. ಕೆಲವೇ ದಿನಗಳಲ್ಲಿ ಆಡಳಿತ ಪಕ್ಷದವರೇ ಆದ ಬಿಷಪ್ ಜೋಸೆಫ್ ಆಥರ್ಲಿ ಎದ್ದು ಎದುರು ಸಾಲಿಗೆ ಹೋಗಿ ಕುಳಿತು, ವಿರೋಧ ಪಕ್ಷದ ನಾಯಕರಾದರು. 2022ರಲ್ಲಿ ಮತ್ತೆ ಮೂವತ್ತಕ್ಕೆ ಮೂವತ್ತು. 2024ರಲ್ಲಿ ರಾಲ್ಫ್ ಥಾರ್ನ್ ಅದೇ ದಾರಿ ಹಿಡಿದರು. ನಮ್ಮಲ್ಲಿ ಪಕ್ಷಾಂತರವೆಂದರೆ ಸರ್ಕಾರ ಬಿದ್ದ ಸುದ್ದಿ; ಅಲ್ಲಿ ವಿರೋಧ ಪಕ್ಷ ಹುಟ್ಟಿದ ಸುದ್ದಿ.

ಈ ಎರಡು ಚುನಾವಣೆಗಳ ನಡುವೆಯೇ ಸುತ್ತಮುತ್ತಲಿನದೂ ಬದಲಾಯಿತು. 2020ರ ನವೆಂಬರಿನಲ್ಲಿ ಚೌಕದಲ್ಲಿದ್ದ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ಪ್ರತಿಮೆಯನ್ನು ಇಳಿಸಿದರು. 2021ರ ನವೆಂಬರ್ 30ರಂದು ಬಾರ್ಬಡೋಸ್ ಗಣರಾಜ್ಯವಾಯಿತು. ಬ್ರಿಟನ್ನಿನ ರಾಣಿಯ ಬದಲು ಸಾಂಡ್ರಾ ಮೇಸನ್ ರಾಷ್ಟ್ರಾಧ್ಯಕ್ಷೆಯಾದರು. ಕಿಟಕಿಯ ಗಾಜಿನಲ್ಲಿ ರಾಜರು ಉಳಿದರು, ಪ್ರಮಾಣವಚನದಲ್ಲಿ ಉಳಿಯಲಿಲ್ಲ. ಸದಸ್ಯರು ಈಗ ನಿಷ್ಠೆ ಹೇಳುವುದು ಬಾರ್ಬಡೋಸಿಗೆ.

ನೋಡಲು ಹೋಗುವವರು ಪಶ್ಚಿಮ ಭಾಗದ ಸಂಸತ್ ವಸ್ತುಸಂಗ್ರಹಾಲಯದಿಂದ ಶುರುಮಾಡುವುದು ಒಳ್ಳೆಯದು. 2011ರಿಂದ ಯುನೆಸ್ಕೊ ಪರಂಪರೆಯ ಪಟ್ಟಿಯಲ್ಲಿರುವ ಹಳೇ ಪೇಟೆಯೂ ಕಾಲ್ನಡಿಗೆಯಲ್ಲೇ ಸಿಗುತ್ತದೆ. ಕೆಳಮನೆ ಸೇರುವ ವಾಡಿಕೆ ಮಂಗಳವಾರ. ಸಭಾಧ್ಯಕ್ಷರ ಪೀಠದ ಎರಡೂ ಬದಿಗೆ ಕುರ್ಚಿಗಳ ಸಾಲುಗಳಿವೆ. 312 ವರ್ಷ ಅಲ್ಲಿ ಕೂರಲು ಯಾರಿಗೆ ಹಕ್ಕಿದೆ ಎಂಬುದೇ ಜಗಳವಾಗಿತ್ತು. ಈಗಿನ ಚಿಂತೆ, ಎದುರಿನ ಸಾಲಿನಲ್ಲಿ ಕೂರುವವರು ಒಬ್ಬರಾದರೂ ಇರಲಿ ಎಂಬುದು.